ವರ್ಚುಯಲ್ ಯಂತ್ರದ ಡಿಸ್ಕು: ಒಂದು ಪರಿಶೀಲನೆ

ಒಂದು ಗಣಕಯಂತ್ರದ ಹೊಟ್ಟೆಯೊಳಗೆ ಇನ್ನೊಂದು ಗಣಕಯಂತ್ರವನ್ನು ನಡೆಸುವ ವಿದ್ಯೆಯು ಹೊಸದೇನೂ ಅಲ್ಲ. ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು 1960ರ ದಶಕದಲ್ಲಿಯೇ ಒಂದು ದೊಡ್ಡ ಯಂತ್ರವನ್ನು ಅನೇಕರು ಏಕಕಾಲದಲ್ಲಿ, ಪ್ರತಿಯೊಬ್ಬರಿಗೂ ಅದು ತನ್ನದೇ ಸ್ವಂತ ಯಂತ್ರವೆಂದು ತೋರುವಂತೆ, ಬಳಸುವ ಉಪಾಯವನ್ನು ಕಂಡುಕೊಂಡಿದ್ದರು. 1972ರಲ್ಲಿ ವಿ.ಎಂ./370 ಎಂಬ ಹೆಸರಿನಿಂದ ಅದನ್ನು ಲೋಕಕ್ಕೆ ಪ್ರಕಟಿಸಿದರು. ಅಂದು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಾಗಿದ್ದ ಈ ಕೆಲಸವು ಇಂದು ಮೇಜಿನ ಕೆಳಗೆ ಇಡುವ ಸಾಮಾನ್ಯ ಪೆಟ್ಟಿಗೆಯೊಂದರಲ್ಲಿ ನಡೆಯುತ್ತಿದೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿಯೂ ನಡೆಯುತ್ತಿದೆ.

ಇದನ್ನು ಕನ್ನಡದಲ್ಲಿ ಮಿಥ್ಯಾಯಂತ್ರವೆಂದು ಕರೆಯಬಹುದೇ ಎಂದು ನಾನು ಯೋಚಿಸಿದ್ದುಂಟು. ಆದರೆ ಮಿಥ್ಯೆಯೆಂದರೆ ಸುಳ್ಳು. ಈ ಯಂತ್ರವು ಮಾಡುವ ಕೆಲಸವೋ ಪೂರ್ಣ ನಿಜ. ಆದುದರಿಂದ ವರ್ಚುಯಲ್ ಯಂತ್ರವೆಂದೇ ಬರೆಯುತ್ತೇನೆ. ಹೊರಗಿನ ನಿಜವಾದ ಯಂತ್ರಕ್ಕೆ ಆತಿಥೇಯವೆಂದೂ ಒಳಗಿನ ಯಂತ್ರಕ್ಕೆ ಅತಿಥಿಯೆಂದೂ ಹೆಸರು. ಸರ್ಕಾರಿ ಕಾಲೇಜಿನಲ್ಲಿ ಓದುವವರಿಗೆ ಅತಿಥಿ ಎಂಬ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ: ದುಡಿಮೆಯೆಲ್ಲ ಅವರದು, ಮನೆ ಮಾತ್ರ ಬೇರೆಯವರದು.

ನಾನು ಕಲಾವಿಭಾಗದ ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ನನ್ನ ಪಾಠಗಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇಂಥವನು ಡಿಸ್ಕಿನ ವಿಚಾರವಾಗಿ ಲೇಖನ ಬರೆಯುವುದೇ ಎಂದು ವಾಚಕರು ಹುಬ್ಬೇರಿಸಬಹುದು. ಮಧ್ಯಾಹ್ನದ ಹೊತ್ತು ಗ್ರಂಥಾಲಯದಲ್ಲಿ ಪುಸ್ತಕಗಳ ವಿವರವನ್ನು ಗಣಕಕ್ಕೆ ಸೇರಿಸುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಆ ಕೆಲಸವು ನಿಂತುಹೋದಾಗ ಅದು ಏಕೆ ನಿಂತಿತೆಂದು ತಿಳಿಯುವ ಅವಶ್ಯಕತೆಯೂ ಬಂತು. ನಮಗೆ ಗಣಕದ ಪಾಠ ಹೇಳುವ ಅತಿಥಿ ಉಪನ್ಯಾಸಕಿಯವರು ಪಕ್ಕದಲ್ಲಿ ಕುಳಿತು ದಾರಿ ತೋರಿಸಿದರು. ಅವರು ಹೇಳಿಕೊಟ್ಟದ್ದನ್ನು ನನಗೆ ಅರ್ಥವಾದ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಮೊದಲು ಅತಿಥಿಯಂತ್ರದ ಡಿಸ್ಕೆಂದರೆ ಏನೆಂದು ನೋಡೋಣ. ಅತಿಥಿಯು ತನಗೊಂದು ಡಿಸ್ಕು ಇದೆಯೆಂದು ನಂಬಿರುತ್ತದೆ. ವಾಸ್ತವವಾಗಿ ಅದು ಆತಿಥೇಯದ ಡಿಸ್ಕಿನಲ್ಲಿರುವ ಒಂದು ದೊಡ್ಡ ಕಡತ, ಅಷ್ಟೇ. ಅತಿಥಿಯೊಳಗಿನ ಕಾರ್ಯಕ್ರಮವು ‘ಈ ಪುಸ್ತಕದ ವಿವರವನ್ನು ಓದಿಕೊಡು’ ಎಂದು ಕೇಳಿದಾಗ, ಆ ಬೇಡಿಕೆಯು ಮೊದಲು ಅತಿಥಿಯ ವಿಂಡೋಸಿಗೆ, ಅಲ್ಲಿಂದ ಡಿಸ್ಕಿನ ಡ್ರೈವರಿಗೆ, ಅಲ್ಲಿಂದ ಗೋಡೆ ದಾಟಿ ಆತಿಥೇಯದಲ್ಲಿ ಯಂತ್ರದ ವೇಷ ಹಾಕಿ ಕುಳಿತಿರುವ ಕ್ಯೂಎಮು ಎಂಬ ಕಾರ್ಯಕ್ರಮಕ್ಕೆ, ಅಲ್ಲಿಂದ ಆತಿಥೇಯದ ಲಿನಕ್ಸಿಗೆ, ಕಟ್ಟಕಡೆಗೆ ತಿರುಗುವ ನಿಜವಾದ ಡಿಸ್ಕಿಗೆ ತಲುಪಬೇಕು. ಉತ್ತರವೂ ಇದೇ ದಾರಿಯಲ್ಲಿ ಹಿಂದಿರುಗಬೇಕು. ಕ್ಯೂಎಮು ಎಂಬುದನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬವರು 2003ರಲ್ಲಿ ಹೊರತಂದರು. ಅದರ ಜೊತೆಗೂಡಿ ಕೆಲಸಮಾಡುವ ಕೆವಿಎಂ ಎಂಬ ಭಾಗವು 2007ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು.

ಡ್ರೈವರ್ ಎಂದೊಡನೆ ನಮ್ಮ ಕಡೆಯವರಿಗೆ ಬಸ್ಸು ನೆನಪಾಗುವುದು ಸಹಜ. ಇಲ್ಲಿ ಡ್ರೈವರೆಂದರೆ ದುಭಾಷಿಯೆಂದು ತಿಳಿದರೆ ಹೆಚ್ಚು ಸರಿಯಾದೀತು. ವಿಂಡೋಸಿನ ಮಾತನ್ನು ಡಿಸ್ಕಿಗೂ ಡಿಸ್ಕಿನ ಮಾತನ್ನು ವಿಂಡೋಸಿಗೂ ಅದು ಹೇಳುತ್ತದೆ. ವರ್ಚುಯಲ್ ಯಂತ್ರದಲ್ಲಿ ಈ ದುಭಾಷಿಗಳು ಎರಡು ಬಗೆ. ಸಾಟಾ ಮುಂತಾದ ಹಳೆಯ ಬಗೆಯಲ್ಲಿ ಆತಿಥೇಯವು ನಿಜವಾದ ಯಂತ್ರಭಾಗವೊಂದನ್ನು ಅಂಗಾಂಗವೂ ತಪ್ಪದಂತೆ ಅಭಿನಯಿಸುತ್ತದೆ; ಅತಿಥಿಗೆ ತಾನು ಅತಿಥಿಯೆಂಬುದೇ ತಿಳಿಯದು. ಈ ನಾಟಕಕ್ಕೆ ಸಮಯ ಹಿಡಿಯುತ್ತದೆ. ಇನ್ನೊಂದು ಬಗೆ ವರ್ಟ್-ಐಒ. ಇದನ್ನು ರೂಪಿಸಿದ ರಸ್ಟಿ ರಸೆಲ್ ಎಂಬವರು 2008ರಲ್ಲಿ ಇದರ ಬಗ್ಗೆ ಪ್ರಬಂಧವನ್ನು ಪ್ರಕಟಿಸಿದರು. ಇದರಲ್ಲಿ ನಾಟಕವಿಲ್ಲ. ಅತಿಥಿಗೆ ತಾನು ಪರರ ಮನೆಯಲ್ಲಿರುವುದು ಗೊತ್ತು. ಇಬ್ಬರೂ ಸೇರಿ ನೆನಪಿನ ಒಂದು ಭಾಗವನ್ನು ಹಂಚಿಕೊಂಡು, ಬೇಡಿಕೆಗಳನ್ನು ಅಲ್ಲಿ ಸಾಲಾಗಿ ಬರೆದಿಡುತ್ತಾರೆ. ಕೆಲಸ ಬೇಗ ಸಾಗುತ್ತದೆ. ಆದರೆ ವಿಂಡೋಸಿಗೆ ಈ ಭಾಷೆ ಹುಟ್ಟಿನಿಂದ ಬಾರದು. ಡ್ರೈವರನ್ನು ಹೊರಗಿನಿಂದ ತಂದು ಸೇರಿಸಬೇಕು. ಹೊರಗಿನಿಂದ ಬಂದವನೆಂಬ ಕಾರಣಕ್ಕೇ ಏನು ಕೆಟ್ಟರೂ ಮೊದಲ ಸಂಶಯ ಅವನ ಮೇಲೆ.

ನಮ್ಮ ಗ್ರಂಥಾಲಯದ ಸ್ಥಿತಿ ಹೀಗಿತ್ತು. ಲಿನಕ್ಸ್ ಆತಿಥೇಯದೊಳಗೆ ಎರಡು ಅತಿಥಿಗಳು. ಒಂದರಲ್ಲಿ ವಿದ್ಯಾರ್ಥಿಗಳು ಪುಸ್ತಕ ಹುಡುಕುವ ಕೋಹಾ ಎಂಬ ಹೊಸ ವ್ಯವಸ್ಥೆ. ಇನ್ನೊಂದರಲ್ಲಿ ವಿಂಡೋಸ್ 10, ಅದರ ಮೇಲೆ ಫಾಕ್ಸ್‌ಪ್ರೊದಲ್ಲಿ ಬರೆದ ಹಳೆಯ ಅಕ್ಸೆಷನ್ ರಿಜಿಸ್ಟರು. ಕನ್ನಡ ಪುಸ್ತಕಗಳ ಹೆಸರುಗಳೆಲ್ಲ ಯೂನಿಕೋಡಿಗಿಂತ ಹಿಂದಿನ ನುಡಿ ಅಕ್ಷರಗಳಲ್ಲಿ ಇದ್ದುದರಿಂದ, ಅವುಗಳನ್ನು ಪರಿವರ್ತಿಸಿ ಕೋಹಾಕ್ಕೆ ಸೇರಿಸುವವರೆಗೆ ಈ ಹಳೆಯ ಯಂತ್ರವನ್ನು ಜೀವಂತವಾಗಿ ಇಡಲೇಬೇಕಾಗಿತ್ತು. ಅದರಲ್ಲಿಯೂ, ದಿವಂಗತ ಅಧ್ಯಾಪಕರೊಬ್ಬರ ಮನೆಯವರು ಕಾಲೇಜಿಗೆ ಕೊಟ್ಟ ಸಾವಿರಕ್ಕೂ ಹೆಚ್ಚು ಪುಸ್ತಕಗಳ ವಿವರವನ್ನು 2024ರಲ್ಲಿ ಇದರಲ್ಲಿಯೇ ಸೇರಿಸಲಾಗಿತ್ತು. ಮನೆಯವರು ಬಿಡಿಹಾಳೆಗಳಲ್ಲಿ ಕೊಟ್ಟಿದ್ದ ಪಟ್ಟಿ ಈಗ ಪೂರ್ತಿಯಾಗಿ ಉಳಿದಿಲ್ಲ. ರಿಜಿಸ್ಟರಿನ ಪೂರ್ಣ ನಕಲು ಒಂದಿತ್ತು. ಅದು ಈ ದಾನಕ್ಕಿಂತ ಹಿಂದಿನದು.

2025ರ ಆಗಸ್ಟ್ ತಿಂಗಳಿನಿಂದ ವಿಂಡೋಸ್ ಯಂತ್ರವು ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲತೊಡಗಿತು. ಬಾಣದ ಗುರುತು ಅಲುಗಾಡುವುದು, ಮಿಕ್ಕಿದ್ದೆಲ್ಲ ಸ್ತಬ್ಧ. ಎರಡು ಮೂರು ನಿಮಿಷಗಳ ನಂತರ ಕೆಲವು ಸಲ ತಾನಾಗಿ ಎಚ್ಚರಗೊಳ್ಳುವುದು. ಕೆಲವು ಸಲ ಬಲವಂತವಾಗಿ ಆರಿಸಿ ಹೊತ್ತಿಸಬೇಕಾಗುವುದು. ದೂರವಾಣಿಯಲ್ಲಿ ವಿಚಾರಿಸಿದಾಗ ದುರಸ್ತಿಗಾರರೊಬ್ಬರು, ‘ಡಿಸ್ಕಿನ ಡ್ರೈವರ್ ಕೆಟ್ಟಿದೆ, ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿಬಿಡಿ’ ಎಂದರು. ಉಪನ್ಯಾಸಕಿಯವರು ಒಪ್ಪಲಿಲ್ಲ. ಅಳಿಸುವುದು ಎರಡು ನಿಮಿಷದ ಕೆಲಸ, ಅದನ್ನು ಯಾವಾಗ ಬೇಕಾದರೂ ಮಾಡಬಹುದು ಎಂದರು.

ದುರಸ್ತಿಗಾರರ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ವಿಂಡೋಸು ತನ್ನಲ್ಲಿ ನಡೆದ ಘಟನೆಗಳನ್ನು ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಅದರಲ್ಲಿ ಯಂತ್ರ ನಿಂತ ಪ್ರತಿಯೊಂದು ಹೊತ್ತಿಗೂ 129 ಎಂಬ ಸಂಖ್ಯೆಯ ಎಚ್ಚರಿಕೆ ಇತ್ತು. ಕೊಟ್ಟವರ ಹೆಸರಿನ ಜಾಗದಲ್ಲಿ ವರ್ಟ್-ಐಒ ಡ್ರೈವರಿನ ಹೆಸರೇ ಇತ್ತು. ಒಕ್ಕಣೆಯ ತಾತ್ಪರ್ಯ: ‘ಸಾಧನವನ್ನು ಮರುಹೊಂದಿಸಲು ಆಜ್ಞೆ ಮಾಡಲಾಯಿತು.’ ಹೆಸರು ಕಂಡೊಡನೆ ಕಳ್ಳ ಸಿಕ್ಕಿದನೆಂದು ತೋರುವುದು.

ಇಲ್ಲಿ ನನಗೆ ನಮ್ಮೂರ ಕೆರೆಯ ಬಯಲು ನೆನಪಾಯಿತು. ನಮ್ಮದು ಕಾಲುವೆಯ ಕೊನೆಯ ಗದ್ದೆ. ಸರದಿಯ ದಿನ ನೀರು ಬಾರದಿದ್ದರೆ ನಮ್ಮ ತಂದೆಯವರು ಬದುವಿನ ಮೇಲೆ ನಿಂತು ಕಾದು, ತಾಳ್ಮೆ ಮುಗಿದ ಮೇಲೆ ನೀರುಗಂಟಿಯನ್ನು ಕೂಗುತ್ತಿದ್ದರು. ಕೂಗು ಕೇಳುವುದು ಕೊನೆಯ ಗದ್ದೆಯಿಂದ. ನೀರು ನಿಂತಿರುವುದು ಅಲ್ಲಿ ಅಲ್ಲ. ಮೇಲೆ ಎಲ್ಲೋ ಕಾಲುವೆಗೆ ಮಣ್ಣು ಕುಸಿದಿರಬಹುದು, ತೂಬಿನಲ್ಲಿಯೇ ಕಸ ಸಿಕ್ಕಿರಬಹುದು, ಕೆರೆಯಲ್ಲಿ ನೀರೇ ಇಲ್ಲದಿರಬಹುದು. 129ನೆಯ ಎಚ್ಚರಿಕೆಯೂ ಇಂಥ ಕೂಗು. ವಿಂಡೋಸಿನಲ್ಲಿ ಡಿಸ್ಕಿನ ಉತ್ತರಕ್ಕೆ ಸಾಮಾನ್ಯವಾಗಿ 60 ಸೆಕೆಂಡುಗಳ ಗಡುವು ಇರುತ್ತದೆ. ಅಷ್ಟರೊಳಗೆ ಉತ್ತರ ಬಾರದಿದ್ದರೆ, ಕಳೆದುಹೋಯಿತೆಂದು ಬಗೆದು, ಸಾಧನವನ್ನು ಮರುಹೊಂದಿಸಿ ಮತ್ತೆ ಕೇಳುವುದು. ಆದುದರಿಂದ ಆ ಎಚ್ಚರಿಕೆಯು ತಾಳ್ಮೆ ಎಲ್ಲಿ ಮುಗಿಯಿತೆಂದು ಹೇಳುತ್ತದೆಯೇ ಹೊರತು ತಡ ಎಲ್ಲಿ ಆಯಿತೆಂದು ಹೇಳುವುದಿಲ್ಲ. ಈ ಎರಡನ್ನು ಒಂದೆಂದು ತಿಳಿಯುವುದರಿಂದಲೇ ಎಷ್ಟೋ ನಿರಪರಾಧಿ ಡ್ರೈವರುಗಳು ಅಳಿಸಲ್ಪಡುತ್ತವೆ.

ಹಾಗಾದರೆ ತಡ ಎಲ್ಲಿ? ಮೊದಲ ಸುಳಿವನ್ನು ಕೊಟ್ಟವರು ನಮ್ಮ ಗ್ರಂಥಪಾಲಕರು. ಅವರು ಒಂದು ದಿನ, ‘ನೋಡಪ್ಪಾ, ನಾನು ಆ ಮೇಷ್ಟ್ರ ಪುಸ್ತಕ ಹುಡುಕಿದಾಗಲೇ ಇದು ನಿಲ್ಲುತ್ತೆ. ಬೇರೆ ಬೀರುವಿನ ಪುಸ್ತಕಕ್ಕೆ ಏನೂ ಆಗೊಲ್ಲ’ ಎಂದರು. ಅಲ್ಲಿದ್ದವರು ನಕ್ಕರು. ಮೇಷ್ಟ್ರಿಗೆ ತಮ್ಮ ಪುಸ್ತಕ ಬೇರೆಯವರು ಮುಟ್ಟುವುದು ಇಷ್ಟವಿಲ್ಲವೆಂದು ಒಬ್ಬರು ಹಾಸ್ಯ ಮಾಡಿದರು. ಉಪನ್ಯಾಸಕಿಯವರು ನಗಲಿಲ್ಲ, ಯಾವ ಯಾವ ಸಂಖ್ಯೆಯ ಪುಸ್ತಕಗಳೆಂದು ಕೇಳಿ ಬರೆದುಕೊಂಡರು. ಡ್ರೈವರಿಗೆ ಯಾವ ಬೇಡಿಕೆ ಯಾರ ಪುಸ್ತಕದ್ದೆಂಬ ಜ್ಞಾನವಿಲ್ಲ. ಅದು ಕೆಟ್ಟಿದ್ದರೆ ಕೆಲಸದ ಒತ್ತಡ ಹೆಚ್ಚಿದಾಗ, ಎಲ್ಲಿ ಬೇಕಾದರೂ ಎಡವಬೇಕು. ಒಂದೇ ಜಾಗಕ್ಕೆ ಹೋದಾಗಲೆಲ್ಲ ಎಡವುವುದಾದರೆ ಕಾಲಿಗಿಂತ ನೆಲವನ್ನು ಸಂಶಯಿಸತಕ್ಕದ್ದು. ಕಡತವು ಬರಿದೇ ಕೆಟ್ಟಿದ್ದರೆ? ಆಗ ತಪ್ಪು ಅಕ್ಷರಗಳು ತಕ್ಷಣವೇ ಬರುತ್ತಿದ್ದವು, ಕಾಯುವ ಕಾರಣವಿರಲಿಲ್ಲ.

ಬೇರೇನನ್ನೂ ಮುಟ್ಟುವ ಮೊದಲು ರಿಜಿಸ್ಟರಿನ ಕಡತಗಳನ್ನು ಹೊರಗಿನ ಪೆನ್‌ಡ್ರೈವಿಗೆ ನಕಲು ಮಾಡಲು ಹೊರಟೆವು. ಒಂದನ್ನು ಬಿಟ್ಟು ಎಲ್ಲವೂ ಬಂದವು. ಬಾರದಿದ್ದುದು ಮುಖ್ಯ ಕಡತವೇ. ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಂತಿತು. ಪುನಃ ಮಾಡಿದಾಗಲೂ ಅಲ್ಲಿಯೇ ನಿಂತಿತು.

ಎರಡನೆಯ ಸಾಕ್ಷಿ ಪಕ್ಕದ ಮನೆಯವನು, ಎಂದರೆ ಕೋಹಾ ನಡೆಯುತ್ತಿದ್ದ ಇನ್ನೊಂದು ಅತಿಥಿ. ವಿಂಡೋಸ್ ನಿಂತಾಗಲೆಲ್ಲ ಕೋಹಾದಲ್ಲಿಯೂ ಹುಡುಕಾಟ ತಡವಾಗುತ್ತಿತ್ತೆಂದು ಗಡಿಯಾರ ನೋಡಿ ಕಂಡುಕೊಂಡೆವು. ಇವೆರಡೂ ಬೇರೆ ಬೇರೆ ಯಂತ್ರಗಳು. ಒಂದರ ಡ್ರೈವರ್ ಇನ್ನೊಂದರಲ್ಲಿ ಇಲ್ಲ. ಇಬ್ಬರಿಗೂ ಸಾಮಾನ್ಯವಾಗಿದ್ದುದು ಕೆಳಗಿನ ಕೆರೆಯೊಂದೇ.

ಆದರೂ ಡ್ರೈವರನ್ನು ವಿಚಾರಣೆಯಿಲ್ಲದೆ ಬಿಡುಗಡೆ ಮಾಡುವಂತಿರಲಿಲ್ಲ. ಏಕೆಂದರೆ ವಿಂಡೋಸಿಗಾಗಿ ಇರುವ ವರ್ಟ್-ಐಒ ಡ್ರೈವರುಗಳ ಕೆಲವು ಆವೃತ್ತಿಗಳಲ್ಲಿ ಇದೇ 129ರ ತೊಂದರೆ ನಿಜವಾಗಿಯೂ ಇದ್ದು, ಮುಂದಿನ ಆವೃತ್ತಿಗಳಲ್ಲಿ ತಿದ್ದಲ್ಪಟ್ಟದ್ದುಂಟು. ಇದಕ್ಕೆ ಸರಳವಾದ ಪರೀಕ್ಷೆಯೊಂದಿದೆ: ದುಭಾಷಿಯನ್ನು ಬದಲಾಯಿಸಿ ನೋಡುವುದು. ಅತಿಥಿಯನ್ನು ಆರಿಸಿ, ಡಿಸ್ಕನ್ನು ವರ್ಟ್-ಐಒ ಬದಲು ಸಾಟಾ ಎಂದು ಜೋಡಿಸಿ ಹೊತ್ತಿಸಬೇಕು. ಡಿಸ್ಕಿನೊಳಗಿನ ಒಂದಕ್ಷರವನ್ನೂ ಇದಕ್ಕಾಗಿ ತಿದ್ದಬೇಕಾಗಿಲ್ಲ.

ಇದರಲ್ಲಿ ಒಂದು ಹಳ್ಳವಿದೆ. ವಿಂಡೋಸು ಏಳುವಾಗ ತನ್ನ ಡಿಸ್ಕಿನ ಭಾಷೆ ಬಲ್ಲ ಡ್ರೈವರನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರಬೇಕು. ಹಾಗಿಲ್ಲದೆ ಹಠಾತ್ತನೆ ಬದಲಾಯಿಸಿದರೆ ತಾನು ಏಳಬೇಕಾದ ಡಿಸ್ಕೇ ಕಾಣದೆ, ನೀಲಿ ಪರದೆಯ ಮೇಲೆ 0x7ಬಿ ಎಂಬ ಗುರುತಿನ ದೋಷವನ್ನು ತೋರಿಸಿ ನಿಂತುಬಿಡುತ್ತದೆ. ಆದ್ದರಿಂದ ಮೊದಲು ಒಂದು ಚಿಕ್ಕ ಖಾಲಿ ಡಿಸ್ಕನ್ನು ಹೊಸ ಬಗೆಯಲ್ಲಿ ಜೋಡಿಸಿ, ಹಳೆಯ ಡಿಸ್ಕಿನಿಂದಲೇ ಒಮ್ಮೆ ಏಳಿಸಬೇಕು. ವಿಂಡೋಸು ಆ ಖಾಲಿ ಡಿಸ್ಕನ್ನು ಕಂಡು ಅದರ ಡ್ರೈವರನ್ನು ಸಿದ್ಧಪಡಿಸಿಕೊಳ್ಳುತ್ತದೆ. ಆಮೇಲೆ ಆರಿಸಿ, ಮುಖ್ಯ ಡಿಸ್ಕನ್ನು ಬದಲಾಯಿಸಿದರೆ ಸುಖವಾಗಿ ಏಳುತ್ತದೆ. ಮದುವೆಗೆ ಮುಂಚೆ ಒಮ್ಮೆ ಮನೆ ನೋಡಿ ಬರುವ ಪದ್ಧತಿಯಂತೆ ಇದು.

ಹೀಗೆ ಮಾಡಿ ಗ್ರಂಥಪಾಲಕರನ್ನು ಕೂರಿಸಿ, ‘ಸಾರ್, ಮೇಷ್ಟ್ರ ಪುಸ್ತಕ ಒಂದನ್ನು ಹುಡುಕಿ’ ಎಂದೆ. ಹುಡುಕಿದರು. ಯಂತ್ರ ನಿಂತಿತು. ದಿನಚರಿಯಲ್ಲಿ ಮತ್ತೆ ಅದೇ 129. ಆದರೆ ಈ ಸಲ ಹೆಸರು ಮಾತ್ರ ಬೇರೆ, ವಿಂಡೋಸಿನದೇ ಆದ ಸಾಟಾ ಡ್ರೈವರಿನದು! ಎರಡು ಬೇರೆ ಮನೆತನದ, ಒಬ್ಬರಿಗೊಬ್ಬರು ಪರಿಚಯವಿಲ್ಲದ ದುಭಾಷಿಗಳು ಒಂದೇ ಮಾತು ಹೇಳಿದಾಗ, ಆ ಮಾತು ಇಬ್ಬರ ಸ್ವಂತದ್ದಲ್ಲವೆಂದು ನಂಬಬೇಕಾಗುತ್ತದೆ. ಸಾಟಾದಲ್ಲಿ ತೊಂದರೆ ಪೂರ್ಣವಾಗಿ ಮಾಯವಾಗಿದ್ದರೆ ವಿಷಯ ಬೇರೆಯಾಗುತ್ತಿತ್ತು. ಆಗ ವರ್ಟ್-ಐಒ ಡ್ರೈವರಿನ ಬೇರೆ ಆವೃತ್ತಿಯನ್ನು ಹಾಕಿ ನೋಡುವುದೇ ಮುಂದಿನ ಹೆಜ್ಜೆ.

ಇನ್ನು ಗೋಡೆಯಾಚೆಗೆ. ಆತಿಥೇಯದಲ್ಲಿ ಜಾಗ ಮುಗಿದಿದೆಯೇ ಎಂಬುದನ್ನು ಮೊದಲು ನೋಡಿದೆವು, ಇರಲಿಲ್ಲ. ಜಾಗ ಮುಗಿದರೆ ಕ್ಯೂಎಮು ಸಾಮಾನ್ಯವಾಗಿ ಅತಿಥಿಯನ್ನೇ ತಡೆಹಿಡಿದು ನಿಲ್ಲಿಸುತ್ತದೆ, ಬಾಣದ ಗುರುತೂ ಅಲುಗುವುದಿಲ್ಲ. ನಮ್ಮ ಲಕ್ಷಣ ಅದಲ್ಲ. ಬಳಿಕ ಲಿನಕ್ಸಿನ ದಿನಚರಿಯನ್ನು ತೆರೆದೆವು. ವಿಂಡೋಸು ಕೂಗಿದ ಹೊತ್ತಿಗೆ ಸರಿಯಾಗಿ, ಅದಕ್ಕೆ ಸ್ವಲ್ಪ ಮುಂಚಿನಿಂದಲೇ, ಲಿನಕ್ಸು ಕೂಡ ಗೋಳಾಡಿತ್ತು: ಇಂಥ ಸಂಖ್ಯೆಯ ಸೆಕ್ಟರನ್ನು ಓದಲಾಗಲಿಲ್ಲ, ಡಿಸ್ಕಿನ ಸಂಪರ್ಕವನ್ನು ಮರುಹೊಂದಿಸಲಾಯಿತು, ಮತ್ತೆ ಓದಲಾಗಲಿಲ್ಲ. ಸಂಖ್ಯೆಗಳು ಸುತ್ತಿ ಸುತ್ತಿ ಅವವೇ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುವ ಸ್ಮಾರ್ಟ್ ಎಂಬ ಏರ್ಪಾಡು ಉಂಟು. ಅದರ 197ನೆಯ ಬಾಬು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಎಣಿಕೆ. ಆರೋಗ್ಯವಂತ ಡಿಸ್ಕಿನಲ್ಲಿ ಅದು ಸೊನ್ನೆಯಿರಬೇಕು. ನಮ್ಮದರಲ್ಲಿ 48 ಇತ್ತು.

ತಡವು ಹೇಗೆ ಬೆಳೆಯಿತೆಂಬ ಲೆಕ್ಕವೂ ಇದರಿಂದ ಸ್ಪಷ್ಟವಾಯಿತು. ಸಾಮಾನ್ಯ ಮನೆಬಳಕೆಯ ಡಿಸ್ಕು ಒಂದು ಸೆಕ್ಟರನ್ನು ಓದಲಾಗದಿದ್ದರೆ ಸೋಲೊಪ್ಪುವ ಸ್ವಭಾವದ್ದಲ್ಲ. ತಿರುತಿರುಗಿ ಪ್ರಯತ್ನಿಸುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ. ಲಿನಕ್ಸಿನ ತಾಳ್ಮೆ ಸಾಮಾನ್ಯವಾಗಿ 30 ಸೆಕೆಂಡು. ಅದು ಮುಗಿದೊಡನೆ ಲಿನಕ್ಸು ಡಿಸ್ಕನ್ನು ಎಚ್ಚರಿಸಿ ಮತ್ತೊಮ್ಮೆ ಕೇಳುತ್ತದೆ, ಮತ್ತೆ 30. ಎರಡು ಸಲವಾಗುವಷ್ಟರಲ್ಲಿ 60 ಕಳೆಯಿತು, ಮೇಲಿರುವ ವಿಂಡೋಸಿನ ಗಡುವೂ ಮುಗಿಯಿತು, 129 ಬರೆಯಲ್ಪಟ್ಟಿತು. ವಿಂಡೋಸು ಮರುಹೊಂದಿಸುವುದು ತನ್ನ ತೋರಿಕೆಯ ಡಿಸ್ಕನ್ನು. ಕೆಳಗಿನ ನಿಜವಾದ ಡಿಸ್ಕಿಗೆ ಆ ಸುದ್ದಿಯೇ ಇಲ್ಲ.

ವಿಂಡೋಸಿನ ಗಡುವನ್ನು ಹೆಚ್ಚಿಸಿದರೆ ಈ ಎಚ್ಚರಿಕೆ ಬಾರದಂತೆ ಮಾಡಬಹುದೆಂದು ಕೆಲವರು ಸಲಹೆ ಕೊಡುವರು. ಕೆಳಗಿನ ಸಂಗ್ರಹವು ಕೆಲಸದ ಭಾರದಿಂದ ಆಗಾಗ ನಿಧಾನವಾಗುವಲ್ಲಿ ಅದು ಯುಕ್ತವೇ. ಆದರೆ ಡಿಸ್ಕೇ ಸಾಯುತ್ತಿರುವಲ್ಲಿ ಗಡುವು ಹೆಚ್ಚಿಸುವುದೆಂದರೆ ರೋಗಿಯ ನರಳಾಟ ಕೇಳಿಸದಂತೆ ಬಾಗಿಲು ಹಾಕಿದ ಹಾಗೆ. ವಿಂಡೋಸನ್ನು ಅಳಿಸಿ ಮತ್ತೆ ಹಾಕಿದ್ದರೆ ಇನ್ನೂ ವಿಪರೀತವಾಗುತ್ತಿತ್ತು. ಕೆಟ್ಟ ಸೆಕ್ಟರಿನ ಮೇಲೆ ಹೊಸದನ್ನು ಬರೆದಾಗ ಡಿಸ್ಕು ಗುಟ್ಟಾಗಿ ಬೇರೆ ಜಾಗವನ್ನು ಕೊಟ್ಟು ಸುಮ್ಮನಾಗುವುದುಂಟು. ತೊಂದರೆ ಕೆಲವು ವಾರ ಕಾಣದು, ಡ್ರೈವರ್ ಸರಿಹೋಯಿತೆಂದು ಎಲ್ಲರೂ ಸಂತೋಷಪಡುವರು. ರಿಜಿಸ್ಟರ್ ಮಾತ್ರ ಇರುತ್ತಿರಲಿಲ್ಲ.

197ರ ಎಣಿಕೆ ಕಂಡ ಗಳಿಗೆಯೇ ಎರಡೂ ಅತಿಥಿಗಳನ್ನು ಆರಿಸಲಾಯಿತು. ಪ್ರಾಂಶುಪಾಲರ ಅನುಮತಿ ಪಡೆದು ಹೊಸ ಡಿಸ್ಕನ್ನು ತರಿಸುವುದಕ್ಕೆ ಒಂಬತ್ತು ದಿನಗಳಾದವು. ಆ ಕಥೆಗೆ ಬೇರೆ ಲೇಖನವೇ ಬೇಕು. ಅಷ್ಟು ದಿನವೂ ಯಂತ್ರವನ್ನು ಯಾರೂ ಹೊತ್ತಿಸದಂತೆ ಗ್ರಂಥಪಾಲಕರು ಅದರ ತಂತಿಯನ್ನು ಕಿತ್ತು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ನಕಲಿಗೆ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆವು. ಸಾಮಾನ್ಯ ನಕಲು ಕಷ್ಟದ ಜಾಗ ಬಂದಾಗ ಅಲ್ಲಿಯೇ ಜಗ್ಗಾಡುತ್ತ ಕೂರುತ್ತದೆ. ಇದು ಹಾಗಲ್ಲ. ಕಷ್ಟದ ಜಾಗವನ್ನು ಬದಿಗಿಟ್ಟು ಮೊದಲು ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಎಲ್ಲಿ ಏನು ಉಳಿಯಿತೆಂಬ ನಕಾಶೆಯನ್ನು ಬರೆದಿಟ್ಟುಕೊಂಡು, ಕೊನೆಯಲ್ಲಿ ಹಿಂದಿರುಗಿ ಚೂರುಚೂರಾಗಿ ಕೆರೆಯುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಗೆ ಉತ್ತರಿಸುವ ಕ್ರಮವೂ ಇದೇ ಇರಬೇಕೆಂದು ನನಗೆ ತೋರಿತು. ಒಳ್ಳೆಯ ಭಾಗವೆಲ್ಲ ಮಧ್ಯಾಹ್ನದೊಳಗೆ ಬಂತು. ಉಳಿದ ಬೊಗಸೆಯಷ್ಟಕ್ಕೆ ಇಡೀ ರಾತ್ರಿ ಹಿಡಿಯಿತು. ಕಡೆಗೂ ಬಾರದೆ ಉಳಿದದ್ದು 24 ಕಿಲೋಬೈಟು.

ಹೊಸ ಡಿಸ್ಕಿನಿಂದ, ಮೊದಲಿನ ಅದೇ ವರ್ಟ್-ಐಒ ಡ್ರೈವರಿನೊಡನೆ, ವಿಂಡೋಸನ್ನು ಏಳಿಸಿದೆವು. ಒಮ್ಮೆಯೂ ನಿಲ್ಲಲಿಲ್ಲ. ದಿನಚರಿಯಲ್ಲಿ 129 ಈವರೆಗೆ ಮತ್ತೆ ಕಂಡಿಲ್ಲ. ಡ್ರೈವರಿನ ಹೊಸ ಆವೃತ್ತಿಯನ್ನು ಒಂದು ತಿಂಗಳು ಬಿಟ್ಟು ಬೇರೆಯಾಗಿ ಹಾಕಲಾಯಿತು. ಎರಡನ್ನೂ ಒಂದೇ ದಿನ ಮಾಡಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲವೆಂದು ಉಪನ್ಯಾಸಕಿಯವರು ತಡೆದಿದ್ದರು. ಈಗ ಪ್ರತಿ ಶನಿವಾರ ರಿಜಿಸ್ಟರಿನ ನಕಲು ಬೇರೊಂದು ಡಿಸ್ಕಿಗೆ ಹೋಗುತ್ತದೆ. 197ನೆಯ ಬಾಬನ್ನು ನಾನು ತಿಂಗಳಿಗೊಮ್ಮೆ ನೋಡಿ ಹಲಗೆಯ ಮೇಲೆ ಬರೆಯುತ್ತೇನೆ. ವಿಂಡೋಸ್ 10ಕ್ಕೆ ಅದರ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಕೋಹಾಕ್ಕೆ ಪರಿವರ್ತಿಸುವ ಕೆಲಸವೂ ಭರದಿಂದ ಸಾಗಿದೆ.

ಆ 24 ಕಿಲೋಬೈಟು ಮುಖ್ಯ ಕಡತದ ನಡುವೆಯೇ ಬಿದ್ದಿತ್ತು. ರಿಜಿಸ್ಟರಿನಲ್ಲಿ ಒಂದು ಪುಸ್ತಕದ ವಿವರಕ್ಕೆ ಸುಮಾರು 600 ಬೈಟುಗಳ ಮನೆ. ಲೆಕ್ಕ ಹಾಕಿದರೆ ನಲವತ್ತು ಚಿಲ್ಲರೆ ಪುಸ್ತಕ. ತೆರೆದು ನೋಡಿದಾಗ 41 ಮನೆಗಳು ಖಾಲಿಯಿದ್ದವು, ಹೆಸರಿಲ್ಲ, ಕರ್ತೃವಿಲ್ಲ. ಎಲ್ಲವೂ ಮೇಷ್ಟ್ರವೇ. ಹಿಂದಿನ ಮತ್ತು ಮುಂದಿನ ಅಕ್ಸೆಷನ್ ಸಂಖ್ಯೆಗಳು ಉಳಿದಿದ್ದುದರಿಂದ ಕಳೆದ ಸಂಖ್ಯೆಗಳು ಯಾವುವೆಂದು ತಿಳಿಯಿತು. ಆ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಗ್ರಂಥಪಾಲಕರೂ ನಾನೂ ಎರಡು ಮಧ್ಯಾಹ್ನ ಆ ಬೀರುವಿನ ಮುಂದೆ ನೆಲದ ಮೇಲೆ ಕುಳಿತು ಒಂದೊಂದೇ ಪುಸ್ತಕವನ್ನು ತೆಗೆದು, ಮೊದಲ ಪುಟದ ಮುದ್ರೆಯನ್ನು ನೋಡಿದೆವು. ಹಲವು ಪುಸ್ತಕಗಳ ಅಂಚಿನಲ್ಲಿ ಮೇಷ್ಟ್ರು ಸೀಸದಕಡ್ಡಿಯಲ್ಲಿ ಬರೆದ ಟಿಪ್ಪಣಿಗಳಿವೆ. ಅವನ್ನೂ ಓದುತ್ತ ಕೂತದ್ದರಿಂದ ಕೆಲಸ ತಡವಾಯಿತೆಂಬುದು ನಿಜ. 41ರಲ್ಲಿ 37 ಸಿಕ್ಕವು, ಅವುಗಳ ವಿವರವನ್ನು ಪುನಃ ಸೇರಿಸಿದ್ದೇನೆ. ಉಳಿದ ನಾಲ್ಕು ಬೀರುವಿನಲ್ಲಿಲ್ಲ. ಎರವಲು ಪುಸ್ತಕದಲ್ಲಿಯೂ ಆ ಸಂಖ್ಯೆಗಳಿಲ್ಲ. ಮೊದಲ ಪುಟದಲ್ಲಿ ನಮ್ಮ ಕಾಲೇಜಿನ ಮುದ್ರೆಯ ಕೆಳಗೆ 18612, 18613, 18620 ಅಥವಾ 18627 ಎಂಬ ಸಂಖ್ಯೆಯಿರುವ ಪುಸ್ತಕವು ಯಾರಲ್ಲಾದರೂ ಇದ್ದರೆ ದಯವಿಟ್ಟು ಗ್ರಂಥಾಲಯಕ್ಕೆ ತಂದು ತೋರಿಸಬೇಕು. ಹೆಸರನ್ನು ಬರೆದುಕೊಂಡು ಅಲ್ಲಿಯೇ ಹಿಂದಿರುಗಿಸುತ್ತೇವೆ, ದಂಡವಿಲ್ಲ.